ಮನೆಯ ವ್ಯಾಜ್ಯಕ್ಕೆ ಮಧ್ಯಸ್ಥಿಕೆಯ ದಾರಿ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಎರಡು ಎಕರೆ ಜಮೀನಿನ ಪಾಲಿಗಾಗಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರಿದರೆ ದಾವೆ, ಮೇಲ್ಮನವಿ, ಅಮಲ್ಜಾರಿ ಎಂದು ವರ್ಷಗಳು ಉರುಳುತ್ತವೆ. ತೀರ್ಪು ಕೈಸೇರುವ ಹೊತ್ತಿಗೆ ಒಬ್ಬರ ಮನೆಯ ಮದುವೆಗೆ ಮತ್ತೊಬ್ಬರು ಹೋಗುವ ಬಳಕೆಯೂ ತಪ್ಪಿರುತ್ತದೆ. ಇಂತಹ ವ್ಯಾಜ್ಯಗಳಿಗೆ ಕಾನೂನೇ ತೋರಿಸಿರುವ ಮತ್ತೊಂದು ದಾರಿ ಮಧ್ಯಸ್ಥಿಕೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಿಂದ ಜಾರಿಯಲ್ಲಿದೆ. ರಾಜಿಗೆ ಅವಕಾಶವಿದೆಯೆಂದು ಕಂಡರೆ ನ್ಯಾಯಾಧೀಶರು ದಾವೆಯನ್ನು ಮಧ್ಯಸ್ಥಿಕೆಗೆ ಕಳುಹಿಸಬಹುದು. ನಮ್ಮ ರಾಜ್ಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು 2007ರಲ್ಲಿ ಆರಂಭವಾಯಿತು. ಇಂದು ಜಿಲ್ಲೆಗಳಲ್ಲಿಯೂ ಈ ವ್ಯವಸ್ಥೆಯಿದೆ.

ಮಧ್ಯಸ್ಥಿಕೆಗಾರರು ತೀರ್ಪು ಕೊಡುವವರಲ್ಲ. ಅವರು ಉಭಯ ಪಕ್ಷದವರನ್ನು ಒಟ್ಟಿಗೆ ಕೂರಿಸಿ, ಅಗತ್ಯವಾದರೆ ಬೇರೆಬೇರೆಯಾಗಿಯೂ ಮಾತನಾಡಿಸಿ, ಹಟದ ಹಿಂದಿರುವ ನಿಜವಾದ ನೋವನ್ನು ಹೊರತರುತ್ತಾರೆ. ಅಲ್ಲಿ ಆಡಿದ ಮಾತು ಗೋಪ್ಯವಾಗಿರುತ್ತದೆ. ಒಪ್ಪಂದವಾಗದಿದ್ದರೆ ದಾವೆಯು ನ್ಯಾಯಾಲಯಕ್ಕೆ ಮರಳುತ್ತದೆ; ಯಾರ ಹಕ್ಕಿಗೂ ಚ್ಯುತಿಯಿಲ್ಲ. ಒಪ್ಪಂದವಾದರೆ ಅದರಂತೆಯೇ ನ್ಯಾಯಾಲಯವು ರಾಜಿ ಡಿಕ್ರಿ ನೀಡುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ನಾವು ಒತ್ತಿ ಹೇಳಬಯಸುತ್ತೇವೆ. ಮೊದಲನೆಯದು, ರಾಜಿಯ ಗಟ್ಟಿತನ. ಊರ ಹಿರಿಯರ ಮುಂದೆ, ಮಠದ ಸನ್ನಿಧಿಯಲ್ಲಿ ಆದ ರಾಜಿಗೆ ನೈತಿಕ ಬಲ ದೊಡ್ಡದು. ಆದರೆ ನಾಳೆ ಒಬ್ಬರು ಮಾತು ತಪ್ಪಿದರೆ ಅದನ್ನು ಡಿಕ್ರಿಯಂತೆ ಜಾರಿಮಾಡಿಸಲಾಗದು. ಆದ್ದರಿಂದ ದಾವೆ ನಡೆಯುತ್ತಿದ್ದರೆ ರಾಜಿಯನ್ನು ಬರೆದು, ಎಲ್ಲರೂ ಸಹಿ ಮಾಡಿ, ನ್ಯಾಯಾಲಯಕ್ಕೆ ಸಲ್ಲಿಸಬೇಕು. ದಾವೆ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿಗೆ ಹೋಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಅಲ್ಲಿನ ಐತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ; ಅದರ ಮೇಲೆ ಮೇಲ್ಮನವಿ ಇಲ್ಲ.

ಎರಡನೆಯದು, ಮಾತುಕತೆಗೆ ಯಾರು ಕುಳಿತಿದ್ದಾರೆ ಎಂಬುದು. ಅಣ್ಣತಮ್ಮಂದಿರಿಬ್ಬರೇ ಹಂಚಿಕೊಂಡು, ಅಕ್ಕತಂಗಿಯರಿಗೆ ಅರಿಶಿನ ಕುಂಕುಮವೆಂದು ಒಂದಿಷ್ಟು ಕೊಟ್ಟು ಸಹಿ ಹಾಕಿಸಿಕೊಳ್ಳುವುದು ರಾಜಿಯಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತನ್ನ ಹಕ್ಕನ್ನು ಪೂರ್ಣವಾಗಿ ತಿಳಿದ ಮೇಲೆ ಮಗಳು ಸ್ವಇಚ್ಛೆಯಿಂದ ಬಿಟ್ಟುಕೊಟ್ಟರೆ ಅದು ಔದಾರ್ಯ. ಒತ್ತಾಯದಿಂದ ಬಿಡಿಸಿಕೊಂಡರೆ ಅದು ಮುಂದಿನ ದಾವೆಗೆ ಬೀಜ. ಹಾಗೆಯೇ ಹಿಂಸೆಗೆ ಒಳಗಾದ ಹೆಣ್ಣುಮಗಳನ್ನು ಸಂಧಾನದ ಹೆಸರಿನಲ್ಲಿ ಅದೇ ಮನೆಗೆ ನೂಕುವುದೂ ಮಧ್ಯಸ್ಥಿಕೆಯಲ್ಲ.

ವ್ಯಾಜ್ಯವಿರುವ ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ. ಮುಂದಿನ ವಾಯಿದೆಯ ದಿನ ನಿಮ್ಮ ವಕೀಲರ ಮೂಲಕ ಮಧ್ಯಸ್ಥಿಕೆಗೆ ಕಳುಹಿಸುವಂತೆ ನ್ಯಾಯಾಲಯವನ್ನು ಕೋರಿ. ಹಕ್ಕುಳ್ಳವರೆಲ್ಲರನ್ನೂ ಕರೆದು ಕೂರಿಸಿ. ಜಮೀನು ಪಾಲಾದರೂ ಒಡಹುಟ್ಟಿದವರು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವಂತಾಗಲಿ.