ರಿಂಗ್ ರೋಡಿನ ಒಳಗೋ, ಹೊರಗೋ?

ಮೈಸೂರಿನಲ್ಲಿ ಸ್ವಂತದ್ದೊಂದು ಸೂರು ಇರಬೇಕೆಂಬ ಆಸೆ ಹುಣಸೂರು, ನಂಜನಗೂಡು, ಕೆ.ಆರ್. ನಗರಗಳ ಎಷ್ಟು ಮನೆಗಳಲ್ಲಿಲ್ಲ ಹೇಳಿ! ಮಕ್ಕಳ ಕಾಲೇಜು, ಅತ್ತೆಯವರ ಆಸ್ಪತ್ರೆ, ಯಜಮಾನರ ನಿವೃತ್ತಿ, ಕಾರಣ ಏನಾದರೂ ಇರಲಿ. ಪಿ.ಎಫ್. ಹಣ, ನಿಮ್ಮ ಎರಡೆಳೆ ಸರ, ಬ್ಯಾಂಕಿನ ಸಾಲ ಎಲ್ಲ ಕೂಡಿಸಿಕೊಂಡು ಒಂದು ಭಾನುವಾರ ಹೊರಡುತ್ತೀರಿ. ದಲ್ಲಾಳಿ ಮೊದಲು ಕುವೆಂಪುನಗರ ತೋರಿಸುತ್ತಾನೆ. ಬೆಲೆ ಕೇಳಿ ಎದೆ ಧಸಕ್ಕೆನ್ನುತ್ತದೆ. ಆಮೇಲೆ ರಾಮಕೃಷ್ಣನಗರ, ಅಲ್ಲಿಂದ ದಟ್ಟಗಳ್ಳಿ. ಕೊನೆಗೆ ರಿಂಗ್ ರೋಡ್ ದಾಟಿಸಿ, "ನೋಡೀಮ್ಮಾ, ಒಂದು ರಸ್ತೆ ದಾಟಿದ್ದಕ್ಕೆ ಹತ್ತು ಲಕ್ಷ ಉಳೀತು" ಅನ್ನುತ್ತಾನೆ.

ಉಳಿಯಿತೇ? ಅದನ್ನೇ ಈಗ ನಾವು ಲೆಕ್ಕ ಹಾಕಿ ನೋಡೋಣ.

ಮೈಸೂರಿನಲ್ಲಿ ಬಡಾವಣೆ ಕಟ್ಟುವುದು ಇಂದು ನಿನ್ನೆಯ ಕೆಲಸವಲ್ಲ. ಪ್ಲೇಗ್ ಮಾರಿ ಊರನ್ನು ನಡುಗಿಸಿದ ಮೇಲೆ 1903ರಲ್ಲೇ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. 1988ರಲ್ಲಿ ಅದರ ಜಾಗಕ್ಕೆ ಮುಡಾ ಬಂತು. ಇವರು ಮಾಡಿದ ಹಳೆಯ ಬಡಾವಣೆಗಳಲ್ಲಿ ರಸ್ತೆ, ಚರಂಡಿ, ಕೊಳಾಯಿ ಊರಿನ ವ್ಯವಸ್ಥೆಗೆ ಸೇರಿಕೊಂಡು ದಶಕಗಳೇ ಆಗಿವೆ. ಊರಂಚಿನಲ್ಲಿ ಹಾಗಲ್ಲ. ಒಂದೇ ಬೀದಿಯ ಈ ಕಡೆ ಮಂಜೂರಾದ ಬಡಾವಣೆ, ಆ ಕಡೆ ಹೊಲವನ್ನೇ ಸೈಟು ಮಾಡಿ ಮಾರಿದ್ದು ಇರಬಹುದು. ಖಾಸಗಿ ಬಡಾವಣೆ ಇನ್ನೂ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗದಿದ್ದರೆ, ಬೀದಿದೀಪ ಕೆಟ್ಟರೂ ಯಾರನ್ನು ಕೇಳಬೇಕೆಂದು ಗೊತ್ತಾಗದು. ಹೊರಗಿನದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಗ್ಗಕ್ಕೆ ಒಂದು ಕಾರಣ ಇರುತ್ತದೆ, ಅದನ್ನು ಹುಡುಕಿ ಅನ್ನುತ್ತಿದ್ದೇನೆ ಅಷ್ಟೆ.

ಮೊದಲು ನೀರು. ಮೈಸೂರಿಗೆ ಕಾವೇರಿ, ಕಬಿನಿ ಎರಡರ ನೀರೂ ಬರುತ್ತದೆ. ಆದರೆ ನೀವು ನೋಡುತ್ತಿರುವ ಬೀದಿಗೆ ಬಂದಿದೆಯೇ? "ಬರುತ್ತೆ, ಪೈಪು ಹಾಕ್ತಿದಾರೆ" ಅನ್ನುವ ಮಾತಿಗೆ ಬೆಲೆ ಕಟ್ಟಬೇಡಿ. ಪಕ್ಕದ ಮನೆಯಾಕೆಯನ್ನು ಮಾತಾಡಿಸಿ. ಹೆಂಗಸರು ಹೆಂಗಸರಿಗೆ ಸುಳ್ಳು ಹೇಳುವುದು ಕಡಿಮೆ! ತೊಗರಿಬೇಳೆ ಎಷ್ಟು ಕೂಗಿಗೆ ಬೇಯುತ್ತೆ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಕಟ್ಟುತ್ತದೆಯೇ, ಏಪ್ರಿಲ್‌ನಲ್ಲಿ ಟ್ಯಾಂಕರ್ ಎಷ್ಟು ಸಲ ಬಂತು ಎಂದು ಕೇಳಿ. ಬೋರ್‌ವೆಲ್ಲಿನ ಗಡಸು ನೀರಾದರೆ ಬೇಳೆಯೇ ಹೇಳಿಬಿಡುತ್ತದೆ.

ಈಗ ಆ ಹತ್ತು ಲಕ್ಷಕ್ಕೆ ಬರೋಣ. ಶೇ. 8.5 ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ಹತ್ತು ಲಕ್ಷ ಸಾಲ ಮಾಡಿದರೆ ತಿಂಗಳ ಕಂತು ಹತ್ತಿರ ಹತ್ತಿರ 8,700 ರೂಪಾಯಿ. ಹೊರಗೆ ಕೊಂಡರೆ ಉಳಿಯುವುದು ಇಷ್ಟು. ಹೊರಗಿದ್ದರೆ ಹೆಚ್ಚುವರಿ ಹೋಗುವುದೆಷ್ಟು? ಟ್ಯಾಂಕರಿಗೆ ಎರಡು ಸಾವಿರ, ಇನ್ನೊಂದು ಸ್ಕೂಟರಿನ ಕಂತು ಮತ್ತು ಪೆಟ್ರೋಲಿಗೆ ನಾಲ್ಕು ಸಾವಿರ, ಆಟೋಗೆ ಒಂದೂವರೆ ಸಾವಿರ ಅಂದುಕೊಳ್ಳಿ. 7,500 ಆಯಿತು. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು, ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದು ನೋಡಿ. ಈ ಲೆಕ್ಕದಲ್ಲಿ ಹೊರಗೇ ಇನ್ನೂ 1,200 ರೂಪಾಯಿ ಲಾಭ.

ಆದರೆ ಆ 1,200ಕ್ಕೆ ದುಡಿಯುವವರು ಯಾರು? ಟ್ಯಾಂಕರಿನವನಿಗೆ ಕಾದು ಕೂರುವವರು, ಮಗಳ ಟ್ಯೂಷನ್ ಮುಗಿಯುವ ತನಕ ಬೀದಿಯಲ್ಲಿ ನಿಲ್ಲುವವರು, ಕೊತ್ತಂಬರಿ ಸೊಪ್ಪಿಗೂ ಸ್ಕೂಟರ್ ತೆಗೆಯಬೇಕಾದವರು, ಎಲ್ಲ ನೀವೇ. ಲೆಕ್ಕ ಬರೆಯುವ ಗಂಡಸರು ಈ ಕಾಲಂ ಅನ್ನು ಖಾಲಿ ಬಿಟ್ಟಿರುತ್ತಾರೆ.

ಬಸ್ಸನ್ನಂತೂ ಮರೆಯಲೇಬೇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ. ಸಿಟಿ ಬಸ್ ಗಂಟೆಗೆ ಮೂರು ಬರುವ ಬೀದಿಗೂ ದಿನಕ್ಕೆ ಮೂರು ಬರುವ ಬೀದಿಗೂ ಇರುವ ಅಂತರ ಹಣದಲ್ಲೇ ಅಳೆಯುವಂಥದ್ದು. ರಾತ್ರಿಯ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ವಿಚಾರಿಸಿ.

ನನ್ನನ್ನು ಕೇಳಿದರೆ, ಓದುವ ಮಕ್ಕಳು, ವಯಸ್ಸಾದ ಹಿರಿಯರು ಇರುವ ಮನೆಗೆ ಹೊರಗಿನ 30x40ರ ಹೊಸ ಮನೆಗಿಂತ ಒಳಗಿನ 20x30ರ ಹಳೆಯ ಮನೆಯೇ ವಾಸಿ. ಮೊಸಾಯಿಕ್ ನೆಲ ಹಳತಾಗಿದ್ದರೆ ಆಗಲಿ, ಗುಡಿಸಿಕೊಳ್ಳಬಹುದು. ಇಬ್ಬರೂ ಗಾಡಿ ಓಡಿಸುವವರು, ಮಕ್ಕಳ ಓದು ಮುಗಿದಿದೆ, ಕೊಳಾಯಿ ನೀರು ಬಂದಿದೆ ಅಂದರೆ ಹೊರಗೆ ಧಾರಾಳವಾಗಿ ಹೋಗಿ. ಗಾಳಿ ಬೆಳಕು ಚೆನ್ನಾಗಿರುತ್ತದೆ.

ಒಳಗಾಗಲಿ ಹೊರಗಾಗಲಿ, ತಗ್ಗು ನೋಡಿಕೊಳ್ಳಿ. ಈ ಭಾಗದ ಲಿಂಗಾಂಬುಧಿ ಕೆರೆ 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಕೆರೆ ನೋಡುತ್ತಾ ಕಾಫಿ ಕುಡಿಯುವುದು ಸೊಗಸೇ. ಆದರೆ ಕೆರೆಗೆ ನೀರು ಹರಿದು ಬರುವ ದಾರಿಯಲ್ಲಿ ನಿಮ್ಮ ಅಡಿಗೆಮನೆ ಇರಬಾರದು. ಜೋರು ಮಳೆಯ ಮಾರನೆಯ ದಿನ ಹೋಗಿ, ಕಾಂಪೌಂಡಿನ ಮೇಲೆ ನೀರು ನಿಂತ ಗುರುತು ಎಷ್ಟು ಎತ್ತರಕ್ಕಿದೆ ನೋಡಿ.

ಇನ್ನು ಕಾಗದಪತ್ರ. ಇದರಲ್ಲಿ ಮಾತ್ರ ರಾಜಿ ಬೇಡ. ಪಟ್ಟಣದ ಸ್ವತ್ತಾದರೆ ಎ ಖಾತಾನೋ ಬಿ ಖಾತಾನೋ ನೋಡಿ. ಪಂಚಾಯಿತಿಯದ್ದಾದರೆ ಫಾರಂ 9ರ ಜೊತೆ 11ಎ ಇದೆಯೋ, 11ಬಿ ಇದೆಯೋ ಕೇಳಿ. 'ಬಿ' ಅಂದರೆ ಎಲ್ಲೋ ಒಂದು ಒಪ್ಪಿಗೆ ತಪ್ಪಿಹೋಗಿದೆ ಎಂದೇ ಅರ್ಥ. ಸಾಲಕ್ಕೂ ನಕ್ಷೆ ಮಂಜೂರಾತಿಗೂ ಅಡ್ಡಿ ಬರಬಹುದು. ಬೋಗಾದಿ, ಶ್ರೀರಾಂಪುರಗಳು 2020ರಲ್ಲಿ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಗಳಾದವು. ಊರಂಚಿನಲ್ಲಿ ಕಚೇರಿಗಳು ಹೀಗೆ ಬದಲಾಗುವುದರಿಂದ ಹಳೆಯ ಖಾತೆ ತೋರಿಸಿದರೆ ಸಾಲದು, ಇಂದಿನ ಇ-ಖಾತಾ ಬೇಕು. ಋಣಭಾರ ಪತ್ರವನ್ನು ತೆಗೆಸಿ, ವಕೀಲರಿಗೆ ತೋರಿಸಿ, ಆಮೇಲೆ ಮುಂಗಡದ ಮಾತು. ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ನಿಮ್ಮ ಸರವೂ ಅದರಲ್ಲಿದೆ ತಾನೆ? ಹೆಂಗಸರ ಹೆಸರಿಗೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ಕೊಂಚ ರಿಯಾಯಿತಿಯನ್ನೂ ಕೊಡುತ್ತವೆ.

ನೋಂದಣಿಯ ಖರ್ಚನ್ನು ಮೊದಲೇ ತೆಗೆದಿಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿ ಪಟ್ಟಣದಲ್ಲಿ ಒಟ್ಟು ಶೇ. 7.6 ಆಗುತ್ತದೆ. ನಲವತ್ತು ಲಕ್ಷದ ಮನೆಗೆ ಮೂರು ಲಕ್ಷದ ನಾಲ್ಕು ಸಾವಿರ. ದಲ್ಲಾಳಿ ಹೇಳುವ ಬೆಲೆಯಲ್ಲಿ ಇದು ಸೇರಿರುವುದಿಲ್ಲ, ಅವನ ಕಮಿಷನ್ನೂ ಸೇರಿರುವುದಿಲ್ಲ.