ನೀರಿನ ಗುಣಕ್ಕೆ ಹಕ್ಕಿಯ ಸಾಕ್ಷಿ

ಮಂಡ್ಯದಿಂದ ನಾಗಮಂಗಲದತ್ತ ಸಾಗುವ ಹಾದಿಯಲ್ಲಿ ಬಸರಾಳು ಎಂಬ ಗ್ರಾಮವುಂಟು. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಣ್ಣಾಯಕನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯದಿಂದ ಅದು ಪ್ರಸಿದ್ಧವಾಗಿದೆ. ಬಂದವರು ಶಿಲ್ಪವನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ. ಸುತ್ತಲಿನ ನೀರನ್ನು ನೋಡುವವರು ವಿರಳ. ಆದರೆ ಗುಡಿ ಕಟ್ಟಿಸುವಂತೆಯೇ ಕೆರೆ ಕಟ್ಟಿಸುವುದನ್ನೂ ಪುಣ್ಯಕಾರ್ಯವೆಂದು ಬಗೆದ ಕಾಲ ಅದು. ಈ ಸೀಮೆಯಲ್ಲಿ ಬಿದ್ದ ಮಳೆ ಕೆರೆಯಿಂದ ಕೆರೆಗೆ, ಹಳ್ಳದಿಂದ ಹೊಳೆಗೆ ಇಳಿದು, ಕಡೆಗೆ ಕಾವೇರಿಯನ್ನೇ ಸೇರುತ್ತದೆ. ಮಹಾನದಿಯ ನೀರಿನ ಗುಣವು ತಲಕಾವೇರಿಯಲ್ಲಿ ಮಾತ್ರ ನಿರ್ಣಯವಾಗುವುದಿಲ್ಲ. ಇಂಥ ನೂರಾರು ಊರುಗಳ ಅಂಚಿನಲ್ಲಿಯೂ ನಿರ್ಣಯವಾಗುತ್ತದೆ.

ಕಾವೇರಿಯು ಸುಮಾರು 800 ಕಿಲೋಮೀಟರ್ ಹರಿಯುವ ಅಂತರರಾಜ್ಯ ನದಿ. ಯಾರಿಗೆ ಎಷ್ಟು ನೀರು ಎಂಬ ವ್ಯಾಜ್ಯಕ್ಕಾಗಿ 1990ರಲ್ಲಿ ನ್ಯಾಯಮಂಡಳಿ ರಚಿತವಾಯಿತು. 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊರಬಿದ್ದವು. ಟಿ.ಎಂ.ಸಿ. ಎಂಬ ಮಾತು ಮಂಡ್ಯದ ಮಕ್ಕಳ ಬಾಯಲ್ಲಿಯೂ ಇದೆ. ಆದರೆ ‘ನೀರು ಎಷ್ಟು?’ ಎಂದು ಕೇಳಿದಷ್ಟು ಗಟ್ಟಿಯಾಗಿ ‘ನೀರು ಎಂಥದು?’ ಎಂದು ಕೇಳಿದವರು ಕಡಿಮೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವ ಸಾಕ್ಷಿಗಳು ಇದೇ ಜಿಲ್ಲೆಯಲ್ಲಿವೆ. ಅವು ಹಕ್ಕಿಗಳು.

ಕಾವೇರಿಯ ಉಪನದಿಯಾದ ಶಿಂಷೆ ತುಮಕೂರಿನ ದೇವರಾಯನದುರ್ಗದ ಬಳಿ ಹುಟ್ಟಿ, ಮದ್ದೂರು ಮಳವಳ್ಳಿಗಳನ್ನು ಹಾಯ್ದು, ಶಿವನಸಮುದ್ರದ ಕೆಳಗೆ ತಾಯಿನದಿಯನ್ನು ಕೂಡುತ್ತದೆ. ಮದ್ದೂರು ತಾಲ್ಲೂಕಿನಲ್ಲಿ ಈ ಹೊಳೆಯ ಸಮೀಪದಲ್ಲಿರುವ ಊರೇ ಕೊಕ್ಕರೆ ಬೆಳ್ಳೂರು. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ವರ್ಷಂಪ್ರತಿ ಬಂದು ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. 1916ರ ಪ್ಲೇಗಿನ ಹಾವಳಿಗೆ ಹೆದರಿ ಜನರು ಹೊಳೆಯ ದಡವನ್ನು ಬಿಟ್ಟು ಈಗಿನ ನಿವೇಶನಕ್ಕೆ ಬಂದಾಗ, ಹಕ್ಕಿಗಳೂ ಹಿಂಬಾಲಿಸಿ ಬಂದವೆಂದು ಹಿರಿಯರು ಹೇಳುತ್ತಾರೆ. ಹಕ್ಕಿ ಬಂದರೆ ಮಳೆಬೆಳೆ ಚೆನ್ನೆಂಬ ನಂಬಿಕೆ ಅವರದು. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರ. ಗೂಡಿನಿಂದ ಬಿದ್ದ ಮರಿಯನ್ನು ಎತ್ತಿ ಸಾಕುವವರೂ ಇಲ್ಲಿದ್ದಾರೆ. ಹುಣಸೆಯ ಫಸಲನ್ನು ಬಿಟ್ಟುಕೊಡುವ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರವನ್ನು ಗೊತ್ತುಮಾಡಿತು. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಆದರೆ ಮರವನ್ನು ಉಳಿಸಿದರೆ ಸಾಲದೆಂಬ ಸತ್ಯವನ್ನು ಹಕ್ಕಿಗಳೇ ತಿಳಿಸಿದವು. 2017ರ ಕೊನೆಯಿಂದ 2018ರ ಆರಂಭದ ತಿಂಗಳುಗಳವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದವು. ಈ ಹುಳು ಹಕ್ಕಿಯನ್ನು ಸೇರುವುದು ಮೀನಿನ ಮೂಲಕ. ಮೀನು ಬಾಳುವುದು ಕೆರೆಹೊಳೆಗಳ ನೀರಿನಲ್ಲಿ. ಮನೆಯ ಮುಂದಿನ ಮರದ ಮೇಲೆ ನಿಶ್ಚಿಂತೆಯಿಂದ ಕುಳಿತ ಹಕ್ಕಿಯ ಜೀವ, ಬಹುದೂರದ ಕೆರೆಯೊಂದರ ಆರೋಗ್ಯಕ್ಕೆ ಗಂಟುಬಿದ್ದಿತ್ತು.

ನೀರು ಕೆಡುವ ಬಗೆ ನಿಗೂಢವೇನಲ್ಲ. ಗದ್ದೆಗೂ ಕಬ್ಬಿಗೂ ಅತಿಯಾಗಿ ಸುರಿದ ರಾಸಾಯನಿಕ ಗೊಬ್ಬರದ ಶೇಷವು ಮಳೆಯೊಡನೆ ಕೆರೆಗಿಳಿಯುತ್ತದೆ; ಪಟ್ಟಣದ ಬಚ್ಚಲ ನೀರು ಅದಕ್ಕೆ ಜೊತೆಯಾಗುತ್ತದೆ. ಇವೆರಡರ ಸಾರವನ್ನುಂಡು ಪಾಚಿ ಸೊಕ್ಕಿ ಬೆಳೆಯುತ್ತದೆ. ಅದು ಸತ್ತು ಕೊಳೆಯುವಾಗ ನೀರಿನಲ್ಲಿ ಬೆರೆತಿರುವ ಆಮ್ಲಜನಕವು ವ್ಯಯವಾಗಿ, ಮೀನು ಉಸಿರುಗಟ್ಟುತ್ತದೆ. ಹೊಳೆಯ ಮರಳನ್ನು ಬಗೆದೊಯ್ದರೆ ನೀರನ್ನು ಸೋಸಿ ನೆಲಕ್ಕಿಳಿಸುವ ಹಾಸಿಗೆಯೇ ಇಲ್ಲವಾಗುತ್ತದೆ. 1974ರಿಂದಲೂ ಜಲಮಾಲಿನ್ಯವನ್ನು ತಡೆಯುವ ಕಾಯಿದೆ ನಮ್ಮಲ್ಲಿದೆ. ಕಾರ್ಖಾನೆಯ ಕೊಳವೆಗೆ ಕಾವಲಿಡಬಹುದು. ಸಾವಿರ ಹೊಲಗಳಿಂದ ಜಿನುಗುವ ನೀರಿಗೆ ರೈತನ ವಿವೇಕವೇ ಕಾವಲು.

ಪರದೇಶದ ನಿದರ್ಶನವೊಂದು ಇಲ್ಲಿ ಧೈರ್ಯವನ್ನು ಕೊಡುತ್ತದೆ. ಯೂರೋಪಿನ ರೈನ್ ನದಿಯ ರಕ್ಷಣೆಗಾಗಿ ಐದು ದೇಶಗಳು 1950ರಲ್ಲಿ ಒಂದು ಆಯೋಗವನ್ನು ಸ್ಥಾಪಿಸಿದ್ದವು. ಆದರೂ 1986ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿಯ ಉಗ್ರಾಣಕ್ಕೆ ಬೆಂಕಿ ಬಿದ್ದು, ಕೀಟನಾಶಕಗಳು ನದಿಗೆ ಹರಿದು, ಅಸಂಖ್ಯ ಮೀನುಗಳು ಸತ್ತವು. ಆಗ ಎಚ್ಚೆತ್ತ ದೇಶಗಳು ಮರುವರ್ಷವೇ ಒಂದು ಗುರಿಯನ್ನಿಟ್ಟುಕೊಂಡವು: ಕಣ್ಮರೆಯಾಗಿದ್ದ ಸಾಲ್ಮನ್ ಮೀನು ರೈನ್ ನದಿಗೆ ಮರಳಬೇಕು. ಸಾಲ್ಮನ್ ಮರಳಿತು. ಒಮ್ಮೆ ಪರಸ್ಪರ ಯುದ್ಧವನ್ನೇ ಮಾಡಿದ್ದ ರಾಷ್ಟ್ರಗಳು ಒಂದು ಮೀನಿಗಾಗಿ ಒಂದಾಗಬಲ್ಲವಾದರೆ, ಒಂದೇ ದೇಶದ ನೆರೆಹೊರೆಯ ರಾಜ್ಯಗಳಿಗೆ ಅದು ಅಸಾಧ್ಯವೆ?

ನೀರಿನ ಪಾಲನ್ನು ನ್ಯಾಯಾಲಯವು ಅಳೆದು ಕೊಟ್ಟೀತು. ನೀರಿನ ಗುಣವನ್ನು ಯಾವ ತೀರ್ಪೂ ತಂದುಕೊಡಲಾರದು. ಅದನ್ನು ಬಸರಾಳಿನಂಥ ಊರುಗಳ ಕೆರೆಯ ಏರಿಯಲ್ಲಿ, ಮದ್ದೂರಿನ ಗದ್ದೆಯ ಬದುವಿನಲ್ಲಿ, ಪಟ್ಟಣದ ಪ್ರತಿಯೊಂದು ಮನೆಯ ಬಚ್ಚಲಿನಲ್ಲಿ ಕಾಪಾಡಬೇಕು. ಕೊಕ್ಕರೆ ಬೆಳ್ಳೂರಿನ ತಾಯಂದಿರು ಹೆಜ್ಜಾರ್ಲೆಯನ್ನು ತವರಿಗೆ ಬಂದ ಮಗಳಂತೆ ಕಾಣುತ್ತಾರೆ. ಬಾಣಂತನಕ್ಕೆ ಬಂದ ಮಗಳಿಗೆ ನೆರಳನ್ನು ಕೊಟ್ಟರೆ ಸಾಕೆ? ಒಳ್ಳೆಯ ನೀರನ್ನೂ ಕೊಡಬೇಡವೆ?