ಮಗುವಿನ ನೋವು, ಮಗುವಿನ ಆಟ

೨೦೧೯ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ಘಟಪ್ರಭೆಯೂ ದಡ ಮೀರಿದಾಗ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಕಡೆಯ ಹೊಳೆದಂಡೆಯ ಜನ ಮನೆ ಬಿಟ್ಟು ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು. ಬೀಳಗಿಯ ಕಡೆಯ ಹಲವು ಹಳ್ಳಿಗಳಾದರೋ ಆಲಮಟ್ಟಿಯ ಹಿನ್ನೀರಿಗಾಗಿ ಅದಕ್ಕೂ ಮೊದಲೇ ನೆಲೆ ಕಳೆದುಕೊಂಡಿದ್ದವು. ಬಿದ್ದ ಗೋಡೆ, ಸತ್ತ ದನ, ಕೊಳೆತ ಕಬ್ಬು ಇವನ್ನೆಲ್ಲ ಎಣಿಸಿ ಬರೆದುಕೊಳ್ಳುವ ಪಟ್ಟಿಗಳುಂಟು. ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ ಏಳು ವರ್ಷದ ಹುಡುಗ, ಮಳೆಯ ಸಪ್ಪಳಕ್ಕೆ ತಾಯಿಯ ಸೆರಗು ಬಿಡದ ಹುಡುಗಿ ಆ ಪಟ್ಟಿಯಲ್ಲಿ ಬರುವುದಿಲ್ಲ.

ದೊಡ್ಡವರು ತಮ್ಮ ದುಃಖವನ್ನು ಹತ್ತು ಜನರ ಮುಂದೆ ಹೇಳಿ ಹಗುರಾಗುತ್ತಾರೆ. ಮಗುವಿಗೆ ಅಷ್ಟು ಮಾತು ಎಲ್ಲಿಂದ ಬರಬೇಕು? ಅದು ಮಣ್ಣಿನ ಮನೆ ಕಟ್ಟಿ ಮೇಲೆ ನೀರು ಸುರಿಯುತ್ತದೆ, ಮತ್ತೆ ಕಟ್ಟುತ್ತದೆ. ಅಪಶಕುನವೆಂದು ನಾವು ಗದರಿಸುತ್ತೇವೆ. ಆದರೆ ಹೊಳೆ ಬಂದ ದಿನ ಆ ಮಗುವಿನ ಕೈಯಲ್ಲಿ ಏನೂ ಇರಲಿಲ್ಲ. ಆಟದಲ್ಲಿ ನೀರು ಬಿಡುವುದೂ ತಾನೇ, ನಿಲ್ಲಿಸುವುದೂ ತಾನೇ. ಅಂಜಿಕೆ ಮೆಲ್ಲಮೆಲ್ಲಗೆ ಅಂಕೆಗೆ ಬರುವುದು ಹೀಗೆ.

ಇದನ್ನೇ ಚಿಕಿತ್ಸೆಯಾಗಿ ಬೆಳೆಸಿದವರಲ್ಲಿ ಲಂಡನ್ನಿನ ಮಾರ್ಗರೆಟ್ ಲೋವೆನ್‌ಫೆಲ್ಡ್ ಒಬ್ಬರು. ಅವರು ಮರಳು ತುಂಬಿದ ತಟ್ಟೆಯನ್ನೂ ಸಣ್ಣ ಆಟಿಗೆಗಳನ್ನೂ ಕೊಟ್ಟು, ಮಗು ಅದರಲ್ಲಿ ಕಟ್ಟುವ ಲೋಕವನ್ನು ನೋಡುತ್ತಿದ್ದರು. ಅಮೆರಿಕದ ವರ್ಜೀನಿಯಾ ಆಕ್ಸ್‌ಲಿನ್ ೧೯೪೭ರಲ್ಲಿ ಈ ವಿಷಯವಾಗಿಯೇ ಗ್ರಂಥ ಬರೆದರು. ಅವರ ರೀತಿ ಸರಳ, ಆದರೆ ಪಾಲಿಸಲು ಕಠಿಣ. ವಾರಕ್ಕೊಮ್ಮೆ ಗೊತ್ತಾದ ವೇಳೆ, ಅದೇ ಕೋಣೆ. ಏನು ಆಡಬೇಕೆಂಬುದು ಮಗುವಿನ ಇಚ್ಛೆ. ಚಿಕಿತ್ಸಕರು ಕಲಿಸುವುದಿಲ್ಲ, ತಿದ್ದುವುದಿಲ್ಲ, ಅವಸರಪಡಿಸುವುದಿಲ್ಲ. ಮಗು ಗೊಂಬೆಯನ್ನು ಪೆಟ್ಟಿಗೆಯ ಹಿಂದೆ ಅಡಗಿಸಿದರೆ, “ಈ ಗೊಂಬಿಗೆ ಭಾಳ ಅಂಜಿಕಿ ಆಗೇದ” ಎಂದಷ್ಟೇ ಹೇಳುತ್ತಾರೆ. ತನ್ನ ಮನಸ್ಸನ್ನು ಒಬ್ಬರು ಅರಿತರೆಂಬುದು ಮಗುವಿಗೆ ತಿಳಿಯುತ್ತದೆ. ತನಗೂ ಇತರರಿಗೂ ಪೆಟ್ಟು ಮಾಡಬಾರದೆಂಬಂಥ ಒಂದೆರಡು ಕಟ್ಟುಗಳು ಮಾತ್ರ ಅಲ್ಲಿರುತ್ತವೆ. ಸುಮ್ಮನೆ ಕೂತು ನೋಡುವುದು ನಮ್ಮ ಹಿರಿಯರಿಗೆ, ಅದರಲ್ಲಿಯೂ ಮಾಸ್ತರರಿಗೆ, ಎಷ್ಟು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ!

ಪೇಟೆಯ ಆಟಿಗೆಗಳೇ ಬೇಕೆಂದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಜಿಗುಟುಮಣ್ಣು, ಚಿಂದಿಬಟ್ಟೆಯ ಗೊಂಬೆ, ಮಗ್ಗದ ಮನೆಯಲ್ಲಿ ಉಳಿದ ಬಣ್ಣದ ನೂಲು, ಬೆಂಕಿಪೆಟ್ಟಿಗೆಯ ಬಂಡಿ ಸಾಕು. ಹಬ್ಬದ ಮರುದಿನ ಕುಂಟೆತ್ತನ್ನು ಹಿಡಿದು ಮನೆಮನೆಗೆ ಜೋಳ ಕೇಳಲು ಹೋಗುವ ನಮ್ಮ ಹುಡುಗರಿಗೆ ಊನವಾದದ್ದನ್ನು ಆಟಕ್ಕೆ ಸೇರಿಸಿಕೊಳ್ಳುವುದು ಹೊಸತೇನೂ ಅಲ್ಲ.

ಆದರೆ ಮನೆಯ ಆಟ ಬೇರೆ, ಚಿಕಿತ್ಸೆ ಬೇರೆ. ಕೆಲವು ಮಕ್ಕಳು ಅದೇ ಮುಳುಗುವ ಆಟವನ್ನು ನಗುವಿಲ್ಲದೆ, ಬದಲಾವಣೆಯಿಲ್ಲದೆ ಆಡುತ್ತಲೇ ಇರುತ್ತಾರೆ. ಆಡಿದಷ್ಟೂ ಅಂಜಿಕೆ ಹೆಚ್ಚುತ್ತದೆ. ಅಂಥ ಆಟವೂ, ನಿದ್ದೆಗೇಡು, ಮೌನ, ಶಾಲೆಯ ಭಯಗಳೂ ತಿಂಗಳಾದರೂ ಇಳಿಯದಿದ್ದರೆ ತಜ್ಞರಿಗೆ ತೋರಿಸಬೇಕು. ಧಾರವಾಡದಲ್ಲಿ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗುವ ಮುನ್ನ ೧೪೪೧೬ ಸಂಖ್ಯೆಗೆ ಫೋನು ಮಾಡಿದರೆ, ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ಸಲಹೆಗಾರರು ಕನ್ನಡದಲ್ಲಿಯೇ ಮಾತನಾಡುತ್ತಾರೆ, ಇದಕ್ಕೆ ಶುಲ್ಕವಿಲ್ಲ.